ಪ್ರಶ್ನೋತ್ತರ: ಎಲ್ಲರೂ ಪಾರ್ಕೆ ಅಂತಿದ್ದಾರೆ, ನಾವೂ ಬದಲಾಗಬೇಕಾ?

ಲೆಕ್ಕದವರು: ಮೇಡಂ, ನಮ್ಮದು 3,000 ಸಾಲಿನ ಸಿಎಸ್‌ವಿ, ಅದೇ ಕಾಮಾ ಹಾಕಿ ಬರೆದ ಸಾದಾ ಪಠ್ಯದ ಫೈಲ್. ಪಾರ್ಕೆ (Parquet) ಫೈಲ್ ಮಾಡಿದರೆ ಹತ್ತು ಪಟ್ಟು ವೇಗ ಅಂತಾರೆ. ನಿಜವಾ?

ಡೇಟಾ ಎಂಜಿನಿಯರ್: ಪಾರ್ಕೆ ಡೇಟಾವನ್ನು ಕಾಲಂ ಪ್ರಕಾರ ಜೋಡಿಸಿಡುತ್ತದೆ. ಕೋಟಿ ಸಾಲಿನಲ್ಲಿ ಎರಡೇ ಕಾಲಂ ಬೇಕಾದಾಗ ಲಾಭ. ನಿಮಗೆ ಬೇಡ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದುವ ಸುಖವೂ ಹೋಗುತ್ತದೆ.

ಸೆನ್ಸರ್ ಹುಡುಗ: ಸೆಕೆಂಡಿಗೊಂದು ರೀಡಿಂಗ್, ನಿಮಿಷಕ್ಕೊಂದು ಪಾರ್ಕೆ ಫೈಲ್. ಸಿಎಸ್‌ವಿಗಿಂತ ಜಾಸ್ತಿ ಜಾಗ ತಿನ್ನುತ್ತಿದೆ. ನಿನ್ನೆ ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ತೆರೆಯುತ್ತಲೇ ಇಲ್ಲ.

ಡೇಟಾ ಎಂಜಿನಿಯರ್: ಇದು ನಿಜಕ್ಕೂ ಚಿಂತೆಯ ವಿಷಯ. ದಿನಕ್ಕೆ 1,440 ಫೈಲ್, ಒಂದೊಂದರಲ್ಲಿ 60 ಸಾಲು! ಪ್ರತಿ ಫೈಲೂ ಕಾಲಂಗಳ ವಿವರವನ್ನು ತಾನೇ ಹೊತ್ತುಕೊಂಡಿರುತ್ತದೆ. ನಿಮ್ಮಲ್ಲಿ ಡೇಟಾಗಿಂತ ವಿವರವೇ ಭಾರ. ಒಂದೇ ಥರದ ರೀಡಿಂಗ್‌ಗಳು ರಾಶಿ ಬಿದ್ದರೆ ತಾನೇ ಚೆನ್ನಾಗಿ ಕುಗ್ಗುವುದು?

ಇನ್ನು ಕರೆಂಟ್ ವಿಷಯ. ಪಾರ್ಕೆಯಲ್ಲಿ ಯಾವ ಕಾಲಂ ಎಲ್ಲಿದೆ ಅನ್ನುವ ಪಟ್ಟಿ ಫೈಲಿನ ಕೊನೆಯಲ್ಲಿರುತ್ತದೆ, ಮುಚ್ಚುವಾಗ ಬರೆಯುವುದು. ಅದು ಬರೆಯುವ ಮುಂಚೆಯೇ ನಿಂತರೆ ಓದುವ ಪ್ರೋಗ್ರಾಂಗೆ ದಿಕ್ಕೇ ತೋಚುವುದಿಲ್ಲ. ಸಿಎಸ್‌ವಿ ಆಗಿದ್ದರೆ ಕೊನೆಯ ಸಾಲು ಮಾತ್ರ ಅರ್ಧ ಆಗುತ್ತಿತ್ತು. ಒಂದು ನಿಮಿಷ ಹೋಯಿತು, ಪುಣ್ಯ. ದಿನಕ್ಕೊಂದೇ ಫೈಲ್ ತೆರೆದಿಟ್ಟಿದ್ದರೆ ದಿನವೇ ಹೋಗುತ್ತಿತ್ತು. ರೀಡಿಂಗ್ ಬಂದ ಹಾಗೆ ಸಿಎಸ್‌ವಿಗೆ ಸಾಲು ಸೇರಿಸುತ್ತಾ ಹೋಗಿ. ರಾತ್ರಿ ಒಮ್ಮೆ ಒಟ್ಟು ಮಾಡಿ ಪಾರ್ಕೆ ಮಾಡಿ. ಅದು ಸರಿಯಾಗಿ ತೆರೆಯುತ್ತದಾ ನೋಡಿದ ಮೇಲೇ ಸಿಎಸ್‌ವಿ ಅಳಿಸಿ.

ಫಾರ್ವರ್ಡ್ ಪ್ರಿಯ: ಕೆಟ್ಟ ಫೈಲಿನ ಕೊನೆಗೆ ‘ಪಿಎಆರ್1’ ಅಂತ ಅಂಟಿಸಿದರೆ ಸರಿಹೋಗುತ್ತಂತೆ. ಬಂದ ಮೆಸೇಜ್.

ಡೇಟಾ ಎಂಜಿನಿಯರ್: ದಯವಿಟ್ಟು ಬೇಡ. ಆ ನಾಲ್ಕು ಅಕ್ಷರ ಬರೀ ಗುರುತು. ಇಲ್ಲದಿರುವುದು ಪಟ್ಟಿ. ಮನೆ ಬಿದ್ದಮೇಲೆ ಬೋರ್ಡ್ ನೇತುಹಾಕಿದ ಹಾಗೆ. ಮೂಲ ಫೈಲ್ ಮುಟ್ಟಬೇಡಿ.

ಹಳೇ ಕೋಡರ್: 1998ರಲ್ಲಿ ಎಕ್ಸ್‌ಎಂಎಲ್ ಅನ್ನುವ ಡೇಟಾ ಬರೆಯುವ ರೂಪ ಬಂದಾಗಲೂ ಹೀಗೇ ಕುಣಿದಿದ್ದೆವು.

ಜೇಸನ್ ಭಕ್ತ: ಎರಡು ಸಾಲು ಡೇಟಾಗೆ ಹತ್ತು ಸಾಲು ಟ್ಯಾಗ್, ಅದೇ ಅಲ್ವಾ?

ಹಳೇ ಕೋಡರ್: ಅದರ ಬದಲು ಬಂದ ನಿಮ್ಮ ಜೇಸನ್ (JSON) ರೂಪದಲ್ಲಿ ಒಂದು ಕಮೆಂಟ್ ಬರೆಯೋಕೆ ಜಾಗ ಇದೆಯಾ?

ಜೇಸನ್ ಭಕ್ತ: ಡೇಟಾದಲ್ಲಿ ಕಮೆಂಟ್ ಯಾಕೆ? ನಿಮಗೆ ಎಲ್ಲದಕ್ಕೂ ಕಮೆಂಟ್.

ಹೊಸಬರು: ಮೇಡಂ, ತಾರೀಖಿನ ಕಾಲಂ ಪಾರ್ಕೆಯಲ್ಲಿ ಐದೂವರೆ ಗಂಟೆ ಹಿಂದೆ ತೋರಿಸುತ್ತಿದೆ.

ಹಳೇ ಕೋಡರ್: ಸ್ಕೀಮಾ ಅಂದರೆ ಏನು ಅಂತ ಮೊದಲು ಓದಿಕೊಂಡು ಬಾ, ಆಮೇಲೆ ಮಾತಾಡು.

ಅಂಗಡಿ ಆಪ್‌ನವರು: 5,000 ಸಾಲು ಇದೆ, ಪಾರ್ಕೆಗೆ ಹೋಗಲಾ?

ಡೇಟಾ ಎಂಜಿನಿಯರ್: ಬೇಡ. ಮೇಲೆ ಓದಿ.

ಫಾರ್ವರ್ಡ್ ಪ್ರಿಯ: ಸಿಎಸ್‌ವಿ ಹೆಸರನ್ನೇ ಪಾರ್ಕೆ ಅಂತ ಬದಲಿಸಿದರೆ ಸಾಕಂತೆ?

ಡೇಟಾ ಎಂಜಿನಿಯರ್: ಸುಮ್ನಿರಿ ಸರ್.

ಹೊಸಬರು: ಮೇಡಂ, ತಾರೀಖು…