40ರ ರಸ್ತೆಯಲ್ಲಿ 54 ಎಂದು ಟಿಕೆಟ್ (ಕ್ಯಾಲಿಫೋರ್ನಿಯಾ): ಕೋರ್ಟಿನಲ್ಲಿ ಪ್ರಶ್ನಿಸಬೇಕಾ, ಕಟ್ಟಿಬಿಡಬೇಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟಿದ್ದಾಗ ಪೊಲೀಸರು ನಿಲ್ಲಿಸಿ ಸ್ಪೀಡಿಂಗ್ ಟಿಕೆಟ್ ಕೊಟ್ಟರು. ಊರೊಳಗಿನ ದೊಡ್ಡ ರಸ್ತೆ, ಆ ಕಡೆ ಮೂರು ಈ ಕಡೆ ಮೂರು ಲೇನ್, ನಡುವೆ ಡಿವೈಡರ್. ಬೋರ್ಡು ಗಂಟೆಗೆ 40 ಮೈಲಿ. ಟಿಕೆಟ್‌ನಲ್ಲಿ 54, ಲೈಡಾರ್ (ಲೇಸರ್‌ನಿಂದ ವೇಗ ಅಳೆಯುವ ಯಂತ್ರ) ಎಂದು ಬರೆದಿದ್ದಾರೆ. ವಾಹನ ಕಾನೂನಿನ ಸೆಕ್ಷನ್ 22350. ಒಳ್ಳೆ ಬಿಸಿಲಿತ್ತು, ರಸ್ತೆಯೂ ಖಾಲಿ ಇತ್ತು.

ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಕೋರ್ಟಿಗೆ ಹೋಗು, ಪೊಲೀಸ್ ಬರಲ್ಲ, ಕೇಸ್ ಬಿದ್ದುಹೋಗುತ್ತೆ" ಅಂತ ಒಬ್ಬರು. "ಸುಮ್ನೆ ದುಡ್ಡು ಕಟ್ಟಿ ಮುಗಿಸು" ಅಂತ ಇನ್ನೊಬ್ಬರು. ನಾನು ಟಿಕೆಟ್‌ಗೆ ಸಹಿ ಬೇರೆ ಹಾಕಿದ್ದೇನೆ. ತಪ್ಪು ಒಪ್ಪಿಕೊಂಡ ಹಾಗಾಯ್ತಾ? ಎಚ್‌-1ಬಿ ಮೇಲಿದ್ದೇನೆ, ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದೆ. ಅದಕ್ಕೇನಾದರೂ ತೊಂದರೆ ಆಗುತ್ತಾ ಎಂದು ಮನೆಯಲ್ಲೂ ಚಿಂತೆ.

ಶ್ರೀಗಂಧ:
ಮೊದಲು ಸಹಿ ವಿಷಯ. ಅದು ತಪ್ಪೊಪ್ಪಿಗೆ ಅಲ್ಲ. ಹೇಳಿದ ದಿನಾಂಕದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಎಂಬ ಮಾತು ಅಷ್ಟೇ. ಆ ಬಗ್ಗೆ ಚಿಂತೆ ಬಿಡಿ.

"ಸುಮ್ನೆ ಕಟ್ಟಿಬಿಡು" ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಬರೀ ದುಡ್ಡು ಕಟ್ಟಿದರೆ ತಪ್ಪಿತಸ್ಥ ಎಂದು ದಾಖಲಾಗುತ್ತದೆ. ಡಿಎಂವಿ (ಲೈಸೆನ್ಸ್ ಕೊಡುವ ಇಲಾಖೆ) ದಾಖಲೆಯಲ್ಲಿ ತಪ್ಪಿನ ಗುರುತಾಗಿ ಒಂದು ಪಾಯಿಂಟ್ ಬೀಳುತ್ತದೆ, ಮೂರು ವರ್ಷಕ್ಕೂ ಜಾಸ್ತಿ ಇರುತ್ತದೆ. ನಿಮ್ಮದು ಮಿತಿಗಿಂತ 14 ಮೈಲಿ ಜಾಸ್ತಿ, ಅಂದರೆ ಮೂಲ ದಂಡ 35 ಡಾಲರ್. ಅದರ ಮೇಲೆ ರಾಜ್ಯ, ಕೌಂಟಿ ಶುಲ್ಕಗಳೆಲ್ಲ ಸೇರಿ 230-240ರ ಹತ್ತಿರ ಹೋಗುತ್ತದೆ. ಆದರೆ ನಿಜವಾದ ಖರ್ಚು ಇರುವುದು ಇನ್ಶೂರೆನ್ಸಿನಲ್ಲಿ. ಇಲ್ಲಿನ ಕಾನೂನಿನಂತೆ ಒಳ್ಳೆಯ ಡ್ರೈವರ್‌ಗೆ ಶೇಕಡಾ 20 ರಿಯಾಯಿತಿ ಇದೆ. ಮೂರು ವರ್ಷದಲ್ಲಿ ಒಂದು ಪಾಯಿಂಟ್ ಇದ್ದರೂ ಅದು ಉಳಿಯುತ್ತದೆ, ಎರಡನೆಯದು ಬಿದ್ದರೆ ಹೋಗುತ್ತದೆ. ರಿಯಾಯಿತಿ ಉಳಿದರೂ ಒಂದು ಪಾಯಿಂಟಿಗೇ ಪ್ರೀಮಿಯಂ ಏರಿಸುವವರು ಇದ್ದಾರೆ.

ಟ್ರಾಫಿಕ್ ಸ್ಕೂಲ್‌ಗೆ (ಸುರಕ್ಷಿತ ಚಾಲನೆಯ ತರಗತಿ) ಹೋದರೆ ಆ ಪಾಯಿಂಟ್ ಇನ್ಶೂರೆನ್ಸ್‌ನವರಿಗೆ ಕಾಣುವುದಿಲ್ಲ. ದಂಡ ಪೂರ್ತಿ ಕಟ್ಟಬೇಕು, ಕೋರ್ಟಿನ ಶುಲ್ಕ ಮತ್ತು ಸ್ಕೂಲಿನ ಫೀಸು ಬೇರೆ. ಕಳೆದ 18 ತಿಂಗಳಲ್ಲಿ ಬೇರೆ ಟಿಕೆಟ್‌ಗೆ ಹೋಗಿರಬಾರದು, ಮಿತಿಗಿಂತ 25 ಮೈಲಿಗೂ ಜಾಸ್ತಿ ಇರಬಾರದು. ನೀವು ಈ ಹಿಂದೆ ಹೋಗಿದ್ದೀರಾ?

ತುಂಗಾತೀರ:
ಇಲ್ಲ ಸರ್, ಇದೇ ಮೊದಲ ಟಿಕೆಟ್. ಹಾಗಾದರೆ ಟ್ರಾಫಿಕ್ ಸ್ಕೂಲೇ ವಾಸಿ ಅಲ್ವಾ?

ಶ್ರೀಗಂಧ:
ಅದು ನಿಮ್ಮ ಕೈಯಲ್ಲೇ ಇರುವ ದಾರಿ, ನಿಜ. ಆದರೆ ನಿಮ್ಮ ಟಿಕೆಟ್‌ನಲ್ಲಿ 22350 ಇದೆ, 22349 ಅಲ್ಲ. ನನ್ನ ಮಟ್ಟಿಗೆ ಇಡೀ ತೀರ್ಮಾನ ನಿಂತಿರುವುದು ಆ ನಂಬರಿನ ಮೇಲೆ.

22349 ಅಂದರೆ ಗರಿಷ್ಠ ಮಿತಿ. ಫ್ರೀವೇಯಲ್ಲಿ 65 ದಾಟಿದರೆ ದಾಟಿದಂತೆ, ರಸ್ತೆ ಖಾಲಿ ಇತ್ತು ಅಂದರೆ ಯಾರೂ ಕೇಳುವುದಿಲ್ಲ. 22350 ಹಾಗಲ್ಲ. ಆ ಹೊತ್ತಿನ ಹವೆ, ಟ್ರಾಫಿಕ್, ರಸ್ತೆ ನೋಡಿದರೆ ನಿಮ್ಮ ವೇಗ ಸುರಕ್ಷಿತವಾಗಿತ್ತಾ ಎಂಬುದೇ ಅಲ್ಲಿನ ಪ್ರಶ್ನೆ. ಬೋರ್ಡಿನ 40 ದಾಟಿದ್ದರೆ ತಪ್ಪು ಎಂದು ಮೊದಲಿಗೆ ಹಿಡಿಯುತ್ತಾರೆ. ಆದರೂ ಸುರಕ್ಷಿತವಾಗಿತ್ತು ಎಂದು ತೋರಿಸಲು ನಿಮಗೆ ಅವಕಾಶ ಇದೆ.

ಇದಕ್ಕಿಂತ ಗಟ್ಟಿ ಹಿಡಿತ ಇನ್ನೊಂದಿದೆ. ಇಂಥ ರಸ್ತೆಯಲ್ಲಿ ರೇಡಾರ್, ಲೈಡಾರ್ ಹಿಡಿದು ಟಿಕೆಟ್ ಕೊಡಬೇಕಾದರೆ ಆ ವೇಗದ ಮಿತಿಯನ್ನು ಒಂದು ಟ್ರಾಫಿಕ್ ಸರ್ವೆ (ಆ ರಸ್ತೆಯಲ್ಲಿ ಗಾಡಿಗಳು ಹೋಗುವ ವೇಗ ಅಳೆದ ವರದಿ) ಸಮರ್ಥಿಸಬೇಕು. ಸರ್ವೆ 5 ವರ್ಷದೊಳಗಿನದಾಗಿರಬೇಕು. ಪೊಲೀಸರು 24 ಗಂಟೆಯ ರೇಡಾರ್ ತರಬೇತಿ, ಅದರ ಮೇಲೆ ಲೈಡಾರ್ ತರಬೇತಿ ಪಡೆದಿದ್ದು, ಯಂತ್ರವನ್ನು ಮೂರು ವರ್ಷದೊಳಗೆ ಪರೀಕ್ಷೆ ಮಾಡಿಸಿದ್ದರೆ 7 ವರ್ಷದವರೆಗೂ ನಡೆಯುತ್ತದೆ. ರಸ್ತೆ ಹೆಚ್ಚೇನೂ ಬದಲಾಗಿಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟರೆ ಇನ್ನೂ ಮುಂದಕ್ಕೆ ಎಳೆಯಬಹುದು. ಇದ್ಯಾವುದೂ ಇಲ್ಲದಿದ್ದರೆ ಸೆಕ್ಷನ್ 40802ರ ಪ್ರಕಾರ ಅದು ಸ್ಪೀಡ್ ಟ್ರ್ಯಾಪ್, ಅಂದರೆ ಕಾನೂನು ಒಪ್ಪದ ವೇಗದ ಬಲೆ. ಯಂತ್ರದ ಲೆಕ್ಕ ಸಾಕ್ಷಿಗೆ ಬರುವುದಿಲ್ಲ. ಶಾಲೆ ವಲಯಕ್ಕೆ, ಒಂದೊಂದೇ ಲೇನಿನ ಬಡಾವಣೆ ರಸ್ತೆಗೆ ಈ ನಿಯಮ ಇಲ್ಲ. ನಿಮ್ಮದು ಮೂರು ಲೇನ್, ಆ ವಿನಾಯಿತಿಗೆ ಬರುವುದಿಲ್ಲ.

ಹಾಗಾಗಿ ಈಗಲೇ ಏನೂ ತೀರ್ಮಾನ ಮಾಡಬೇಡಿ. ಆ ಊರಿನ ಟ್ರಾಫಿಕ್ ಎಂಜಿನಿಯರಿಂಗ್ ವಿಭಾಗಕ್ಕೆ ಬರೆದು ಸರ್ವೆ ಕೇಳಿ. ರಾಜ್ಯ ಹೆದ್ದಾರಿಯಾಗಿದ್ದರೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ಗೆ. ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆವರೆಗೆ ಎಂದು ಬಿಡಿಸಿ ಬರೆಯಿರಿ. ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು.

ಬೆಣ್ಣೆದೋಸೆ:
ನಾನೂ ಒಂದು ಕೇಳಲಾ? ನನ್ನದು 280 ಫ್ರೀವೇಯಲ್ಲಿ, 82 ಎಂದು ಬರೆದಿದ್ದಾರೆ, ಸೆಕ್ಷನ್ 22349. ಹೈವೇ ಪೊಲೀಸರು ಹಿಂದೆಯೇ ಬಂದು ಅವರ ಸ್ಪೀಡೋಮೀಟರ್ ನೋಡಿ ಬರೆದಿದ್ದು. ಸರ್ವೆ ಕೇಳಬಹುದಾ?

ಶ್ರೀಗಂಧ:
ನಿಮ್ಮ ಕೇಸಿಗೆ ಸರ್ವೆ ಕೆಲಸಕ್ಕೆ ಬರಲ್ಲ. 65ರ ಗರಿಷ್ಠ ಮಿತಿ ಕಾನೂನಿನಲ್ಲೇ ಇದೆ, ಸರ್ವೆಯಿಂದ ಬಂದದ್ದಲ್ಲ. 17 ಮೈಲಿ ಜಾಸ್ತಿ, ಅಂದರೆ ಟ್ರಾಫಿಕ್ ಸ್ಕೂಲ್ ಸಿಗುತ್ತದೆ. ಎಷ್ಟು ದೂರ ಹಿಂಬಾಲಿಸಿದರು, ನಡುವೆ ಬೇರೆ ಗಾಡಿ ಇತ್ತಾ ಎಂಬುದರಲ್ಲಿ ನಿಮಗೆ ನಿಜವಾದ ಅನುಮಾನ ಇದ್ದರೆ ಪ್ರಶ್ನಿಸಿ. ಇಲ್ಲದಿದ್ದರೆ ಸ್ಕೂಲ್ ತೆಗೆದುಕೊಳ್ಳಿ. 100 ದಾಟಿದ್ದರೆ ಮಾತೇ ಬೇರೆ, ಅದಕ್ಕೆ ಎರಡು ಪಾಯಿಂಟ್, ಕೋರ್ಟಿಗೆ ಹೋಗಲೇಬೇಕು, ಲೈಸೆನ್ಸೂ ಅಮಾನತಾಗಬಹುದು.

ಫ್ರೀಮಾಂಟ್ ಕನ್ನಡತಿ:
ತುಂಗಾತೀರ ಅವರೇ, ವೀಸಾ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಇಂಥ ಟಿಕೆಟ್ ಇಲ್ಲಿ ಇನ್‌ಫ್ರ್ಯಾಕ್ಷನ್, ಅಂದರೆ ದಂಡದಲ್ಲೇ ಮುಗಿಯುವ ಸಣ್ಣ ತಪ್ಪು, ಜೈಲು ಇಲ್ಲ. ಇದಕ್ಕೆ ಹೆದರಬೇಡಿ. ಹೆದರಬೇಕಾದ್ದು ತಾರೀಖು ತಪ್ಪಿಸುವುದಕ್ಕೆ. ಉತ್ತರ ಕೊಡದೆ ಕೂತರೆ ಹಾಜರಾಗಲಿಲ್ಲ ಎಂದು ಇನ್ನೊಂದು ಕೇಸ್ ಹಾಕಬಹುದು, ಅದು ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಅಪರಾಧ. 100 ಡಾಲರ್‌ವರೆಗೆ ಹೆಚ್ಚುವರಿ ದಂಡವೂ ಬೀಳಬಹುದು. ಕೋರ್ಟಿನಿಂದ ನೋಟಿಸ್ ಬರಲಿಲ್ಲ ಎಂಬ ಕಾರಣ ನಡೆಯುವುದಿಲ್ಲ. ಟಿಕೆಟ್ ಮೇಲಿರುವ ತಾರೀಖೇ ತಾರೀಖು. ಮನೆ ಬದಲಾಯಿಸಿದ್ದರೆ ಡಿಎಂವಿಯಲ್ಲಿ ವಿಳಾಸ ಸರಿಮಾಡಿಸಿ.

ಟಿಕೆಟ್, ಕಟ್ಟಿದ ರಸೀದಿ, ಕೋರ್ಟಿನ ತೀರ್ಪು ಎಲ್ಲ ಒಂದೇ ಫೈಲಿನಲ್ಲಿ ಇಡಿ. ಮುಂದೆ ಸಿಟಿಜನ್‌ಶಿಪ್ ಅರ್ಜಿಯಲ್ಲಿ ಇಂಥದ್ದನ್ನೂ ಕೇಳುತ್ತಾರೆ. ಈಗ ನಿಮ್ಮ ಅರ್ಜಿ ನೋಡುತ್ತಿರುವ ಲಾಯರ್‌ಗೂ ಒಂದು ಮಾತು ಹೇಳಿಡಿ.

ತುಂಗಾತೀರ:
ಸರ್ವೆ ಬಂತು! ಇಮೇಲ್‌ನಲ್ಲೇ ಕಳಿಸಿದರು. ಎರಡು ಪುಟ. ತಾರೀಖು ನೋಡಿದರೆ ನಾಲ್ಕು ವರ್ಷ ಹಳೆಯದು, ಅಂದರೆ 5ರ ಒಳಗೇ ಇದೆ. ಸ್ವಲ್ಪ ಬೇಜಾರಾಯಿತು. ಕೆಳಗೆ "85ನೇ ಪರ್ಸೆಂಟೈಲ್ 47" ಎಂದಿದೆ. ಆಮೇಲೆ "ಶಿಫಾರಸು 40". ಪಕ್ಕದಲ್ಲಿ ಕಾರಣ ಬರೆಯುವ ಜಾಗ ಖಾಲಿ. ಇದರ ಅರ್ಥ ಏನು?

ಶ್ರೀಗಂಧ:
ಬೇಜಾರು ಮಾಡಿಕೊಳ್ಳಬೇಡಿ, ಆ ಖಾಲಿ ಜಾಗವೇ ನಿಮ್ಮ ಕೇಸು. ಆ ರಸ್ತೆಯಲ್ಲಿ ನೂರಕ್ಕೆ 85 ಗಾಡಿಗಳು 47 ಅಥವಾ ಅದಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತವೆ ಎಂದು ಅರ್ಥ. ಮಿತಿಯನ್ನು ಅದಕ್ಕೆ ಹತ್ತಿರದ 5ರ ಅಂಕಿಗೆ ಇಡುವುದು ಪದ್ಧತಿ, ಇಲ್ಲಿ 45. ಇನ್ನೂ 5 ಇಳಿಸಬಹುದು, ಆದರೆ ಯಾಕೆ ಎಂದು ಸರ್ವೆಯಲ್ಲೇ ಕಾರಣ ಬರೆದಿರಬೇಕು. ಅಪಘಾತ ಜಾಸ್ತಿ, ಜನ ದಾಟುತ್ತಾರೆ, ಹೀಗೆ. ಕಾರಣವೇ ಇಲ್ಲದಿದ್ದರೆ 40ರ ಮಿತಿಗೆ ಸಮರ್ಥನೆ ಇಲ್ಲ ಎಂದು ನೀವು ವಾದಿಸಬಹುದು. ಗೆಲ್ಲುತ್ತೀರಿ ಎಂದು ನಾನು ಮಾತು ಕೊಡಲಾರೆ. ಆದರೆ ಇದು ಪೊಲೀಸ್ ಬರದಿರಲಿ ಎಂದು ದೇವರಿಗೆ ಹರಕೆ ಹೊತ್ತು ಹೋಗುವ ಕೇಸಲ್ಲ, ಕೈಯಲ್ಲಿ ಕಾಗದ ಇದೆ. ನಾನಾಗಿದ್ದರೆ ಪ್ರಶ್ನಿಸುತ್ತಿದ್ದೆ.

ಬರಹದಲ್ಲೇ ವಿಚಾರಣೆ ಕೇಳಿ, ಟಿಆರ್-205 ಫಾರ್ಮ್. ದಂಡದ ಮೊತ್ತ ಮೊದಲೇ ಠೇವಣಿ ಇಡಬೇಕು, ಗೆದ್ದರೆ ವಾಪಸ್. ಪೊಲೀಸರೂ ತಮ್ಮ ಹೇಳಿಕೆ ಬರೆದು ಕಳಿಸಬೇಕು. ಸೋತರೆ ತೀರ್ಪು ಅಂಚೆಗೆ ಹಾಕಿದ ದಿನದಿಂದ 20 ದಿನದೊಳಗೆ ಟಿಆರ್-220 ಕೊಟ್ಟು ಮೊದಲಿನಿಂದ ವಿಚಾರಣೆ ಕೇಳಬಹುದು, ಆಗ ನ್ಯಾಯಾಧೀಶರ ಎದುರು ನಿಲ್ಲಬೇಕು. ಎರಡು ಅವಕಾಶ ಸಿಗುತ್ತದೆ, ಅದಕ್ಕೇ ಈ ದಾರಿ ಹೇಳುತ್ತಿದ್ದೇನೆ.

ಹೇಳಿಕೆ ಚಿಕ್ಕದಾಗಿರಲಿ. ಸರ್ವೆಯ ಎರಡೂ ಪುಟ ಲಗತ್ತಿಸಿ, ಖಾಲಿ ಜಾಗಕ್ಕೆ ಗುರುತು ಹಾಕಿ. ಬಿಸಿಲು, ಒಣಗಿದ ರಸ್ತೆ, ಟ್ರಾಫಿಕ್ ಇರಲಿಲ್ಲ ಎಂಬುದನ್ನು ಬರೆಯಿರಿ. ಅದೇ ಹೊತ್ತಿಗೆ ಇನ್ನೊಂದು ಭಾನುವಾರ ಹೋಗಿ ಫೋಟೋ ತೆಗೆದರೆ ಒಳ್ಳೆಯದು. ಎಷ್ಟು ವೇಗದಲ್ಲಿದ್ದೆ ಎಂದು ನೀವಾಗಿ ಬರೆಯುವ ಅಗತ್ಯ ಇಲ್ಲ, ರುಜುವಾತು ಮಾಡಬೇಕಾದವರು ಅವರು. ಆದರೆ ಒಂದು ಪದವೂ ಸುಳ್ಳು ಬೇಡ. ಪ್ರಮಾಣ ಮಾಡಿ ಸಹಿ ಹಾಕುವ ಕಾಗದ ಅದು. "ಎಲ್ಲರೂ ಹಾಗೇ ಹೋಗುತ್ತಿದ್ದರು" ಎಂದೂ ಬರೆಯಬೇಡಿ.

ತುಂಗಾತೀರ:
ತುಂಬಾ ಉಪಕಾರ ಆಯಿತು. ಒಂದೇ ಅನುಮಾನ, ಸೋತರೆ ಟ್ರಾಫಿಕ್ ಸ್ಕೂಲ್ ಕೈ ತಪ್ಪುತ್ತಾ?

ಶ್ರೀಗಂಧ:
ಈಗ ಕೇಳಿದರೆ ನಿಮಗೆ ಖಂಡಿತ ಸಿಗುತ್ತದೆ. ವಿಚಾರಣೆ ಆದಮೇಲೆ ಅದು ನ್ಯಾಯಾಧೀಶರಿಗೆ ಬಿಟ್ಟದ್ದು. ಪ್ರಶ್ನಿಸುವುದರಲ್ಲಿ ಇರುವ ಅಪಾಯ ಇದೊಂದೇ, ಅದನ್ನು ತಿಳಿದೇ ಹೆಜ್ಜೆ ಇಡಿ. ಹೇಳಿಕೆಯ ಕೊನೆಯಲ್ಲಿ "ತಪ್ಪಿತಸ್ಥ ಎಂದು ತೀರ್ಮಾನವಾದರೆ ಟ್ರಾಫಿಕ್ ಸ್ಕೂಲ್‌ಗೆ ಅನುಮತಿ ಕೊಡಿ" ಎಂದು ಒಂದು ಸಾಲು ಸೇರಿಸಿ.

ಬೆಣ್ಣೆದೋಸೆ:
ನಾನು ಸ್ಕೂಲ್‌ಗೇ ಹೋಗುತ್ತೇನೆ. ಪೊಲೀಸ್ ಗಾಡಿ ಬಹಳ ದೂರದವರೆಗೆ ನನ್ನ ಹಿಂದೆಯೇ ಬಂದದ್ದು ನನಗೇ ಕನ್ನಡಿಯಲ್ಲಿ ಕಂಡಿತ್ತು, ವಾದಕ್ಕೆ ಏನೂ ಇಲ್ಲ.

ತುಂಗಾತೀರ:
ನಾನು ಟಿಆರ್-205 ತುಂಬಿಸಿದ್ದೇನೆ. ನಾಳೆ ಠೇವಣಿ ಕಟ್ಟಿ, ರಸೀದಿ ಬರುವ ಹಾಗೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸುತ್ತೇನೆ. ತೀರ್ಪು ಬಂದಾಗ ಇಲ್ಲೇ ಹಾಕುತ್ತೇನೆ, ಸರ್ವೆಯ ಪುಟಗಳನ್ನೂ.