ಮಳೆಗಾಲದಲ್ಲಿ ಮನೆಯೊಳಗೇ ವ್ಯಾಯಾಮ ಮಾಡಿ ಬಲ ಬರುತ್ತಾ?

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ:
ನನಗೆ 41 ವರ್ಷ. ಜೂನ್ ಬಂತೆಂದರೆ ಮಳೆ ಬಿಡುವುದಿಲ್ಲ, ವಾಕಿಂಗ್ ನಿಂತೇ ಹೋಗುತ್ತದೆ. ಹೋದ ಕೊಯ್ಲಿನಲ್ಲಿ ಒಂದು ಬುಟ್ಟಿ ಹಸಿ ಅಡಿಕೆ ಎತ್ತಲು ಒದ್ದಾಡಿದೆ. ಬಹಳ ಬೇಜಾರಾಯಿತು. ಜಿಮ್ಮು 18 ಕಿಲೋಮೀಟರ್ ದೂರ. ನೆಲದ ಮೇಲೆ ಒಂದು ದಂಡವೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಸಾಗರದಿಂದ:
ಗೋಡೆಯಿಂದ ಶುರು ಮಾಡಿ ಅಕ್ಕಾ. ಗೋಡೆಗೆ ಕೈ ಊರಿ 10 ದಂಡ, ಹೀಗೆ ಮೂರು ಸಲ. ಸಲೀಸಾದ ಮೇಲೆ ಜಗಲಿ ಕಟ್ಟೆಗೆ ಕೈ ಊರಿ, ಆಮೇಲೆ ನೆಲ. ಕೈ ಕೆಳಗೆ ಹೋದಷ್ಟೂ ಮೈಭಾರ ಜಾಸ್ತಿ ಬೀಳುತ್ತದೆ. ನೆಲದವರೆಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಇಳಿಯುವಾಗ ಅವಸರ ಬೇಡ.

ಶಿವಮೊಗ್ಗದಿಂದ:
ಬಸ್ಕಿ ಬಿಡಬೇಡಿ. ಬುಟ್ಟಿ ಎತ್ತುವುದು ಬರೀ ಕೈಯ ಕೆಲಸವಲ್ಲ, ಕಾಲು ಸೊಂಟದ್ದೂ ಹೌದು ಅಲ್ವಾ? ಮೊದಲು ಕುರ್ಚಿಯಲ್ಲಿ ಕೂತು ಏಳಿ. ಆಮೇಲೆ ಬ್ಯಾಗಿಗೆ 5 ಕೆಜಿ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ಸ್ನಾಯುಗಳಿಗೆ ವಾರಕ್ಕೆ ಎರಡು ದಿನವಾದರೂ ಕೆಲಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ತೀರ್ಥಹಳ್ಳಿ:
ಇವತ್ತು ಗೋಡೆಗೆ 8 ಆಯಿತು! ತೋಳು ನಡುಗುತ್ತಿದೆ, ಖುಷಿಯೂ ಆಗಿದೆ. ನಾಳೆಯೂ ಮಾಡಲಾ?

ಸಾಗರ:
ಒಂದು ದಿನ ಬಿಟ್ಟು ಮಾಡಿ. ಜಗಲಿ ಒದ್ದೆ ಇದ್ದರೆ ಕಾಲಡಿ ಗೋಣಿಚೀಲ ಹಾಸಿಕೊಳ್ಳಿ, ಜಾರುತ್ತದೆ.