‘350 ಸಿಸಿ ಸಾಮರ್ಥ್ಯ’ ಅನ್ನುವುದು ಸರಿಯಾ?

ನಮಸ್ಕಾರ ಎಲ್ಲರಿಗೂ.

ಬೈಕುಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘349 ಸಿಸಿ ಸಾಮರ್ಥ್ಯದ ಎಂಜಿನ್’ ಅನ್ನುವುದು ರೂಢಿ. ಎರಡು ಸಾಲು ಬಿಟ್ಟು ‘20 ಹಾರ್ಸ್‌ಪವರ್ ಸಾಮರ್ಥ್ಯ’ ಅಂತಲೂ ಇರುತ್ತದೆ. ಮೊದಲನೆಯದು ಜಾಗದ ಅಳತೆ: ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಜಾಗ ಎಷ್ಟು ಘನ ಸೆಂ.ಮೀ. (ಸಿಸಿ) ಅನ್ನುವುದು. ಎರಡನೆಯದು ಎಂಜಿನ್ ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನುವುದರ ಅಳತೆ. ಶಾಲೆಯ ವಿಜ್ಞಾನ ಪಾಠದಲ್ಲಿ ಸಾಮರ್ಥ್ಯ ಅಂದರೆ ಪವರ್. ಎರಡಕ್ಕೂ ಅದೇ ಪದ ಹಾಕಿದರೆ, ಸಿಸಿ ಇದ್ದಷ್ಟೂ ಪವರ್ ಅಂತಲೇ ಓದುವವರಿಗೆ ಅನಿಸುತ್ತದೆ ಅಲ್ವಾ? ಸಿಸಿಗೆ ‘ಸಾಮರ್ಥ್ಯ’ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬದಲಿಗೆ ಏನು ಬಳಸಬಹುದು, ನೀವು ಹೇಳಿ.

ಸಿಸಿ ಹುಟ್ಟುವುದು ಎರಡು ಅಳತೆಗಳಿಂದ. ಸಿಲಿಂಡರಿನ ಒಳಗಿನ ಅಡ್ಡಳತೆ ಬೋರ್. ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಹೋಗುವ ದೂರ ಸ್ಟ್ರೋಕ್. ಯಮಹಾ ಆರ್‌ಎಕ್ಸ್ 100ರಲ್ಲಿ ಎರಡೂ 50 ಮಿ.ಮೀ., ಅಂದರೆ 5 ಸೆಂ.ಮೀ. 5 × 5 × 5, ಸಿಲಿಂಡರ್ ದುಂಡಗಿರುವುದರಿಂದ ಅದಕ್ಕೆ 0.7854 (ಪೈ ÷ 4) ಗುಣಿಸಿ: 98 ಸಿಸಿ. ಲೆಕ್ಕದಲ್ಲಿ ಬೋರ್ ಎರಡು ಸಲ ಬರುತ್ತದೆ, ಸ್ಟ್ರೋಕ್ ಒಂದೇ ಸಲ. ಹಾಗಾಗಿ ಸ್ಟ್ರೋಕ್ ಶೇ. 10 ಹೆಚ್ಚಿಸಿದರೆ ಸಿಸಿಯೂ ಶೇ. 10 ಏರುತ್ತದೆ. ಬೋರ್ ಶೇ. 10 ಹೆಚ್ಚಿಸಿದರೆ ಶೇ. 21 ಏರುತ್ತದೆ.

ಈಗ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿ. ಹಳೆಯ ಎಂಜಿನ್ನಿನಲ್ಲಿ ಬೋರ್ 70, ಸ್ಟ್ರೋಕ್ 90 ಮಿ.ಮೀ.; 346 ಸಿಸಿ. ಹೊಸದರಲ್ಲಿ ಬೋರ್ 72ಕ್ಕೆ ಏರಿತು, ಸ್ಟ್ರೋಕ್ 85.8ಕ್ಕೆ ಇಳಿಯಿತು, 349 ಸಿಸಿ. ಪವರ್ ಎರಡರಲ್ಲೂ ಸುಮಾರು 20 ಹಾರ್ಸ್‌ಪವರ್. ಆದರೆ ಹಳೆಯದು ಅದನ್ನು 5250 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಕೊಡುತ್ತಿತ್ತು, ಹೊಸದು 6100ರಲ್ಲಿ ಕೊಡುತ್ತದೆ. ಪಕ್ಕದಲ್ಲೇ 373 ಸಿಸಿಯ ಹಳೆಯ ಕೆಟಿಎಂ ಡ್ಯೂಕ್ 390 ಇಡಿ. ಬೋರ್ 89, ಸ್ಟ್ರೋಕ್ ಬರೀ 60. ಪವರ್ 9000 ಆರ್‌ಪಿಎಂನಲ್ಲಿ ಸುಮಾರು 43. ಸಿಸಿಯಲ್ಲಿ ಇರುವ ವ್ಯತ್ಯಾಸ 24, ಪವರ್ ಮಾತ್ರ ಎರಡರಷ್ಟು! ನಾಲ್ಕು ವಾಲ್ವ್ (ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳು), ನೀರಿನಿಂದ ತಣ್ಣಗಾಗುವ ವ್ಯವಸ್ಥೆ, ಜಾಸ್ತಿ ಕಂಪ್ರೆಷನ್ (ಒಳಗೆ ಬಂದ ಗಾಳಿ-ಪೆಟ್ರೋಲನ್ನು ಪಿಸ್ಟನ್ ಒತ್ತುವ ಪ್ರಮಾಣ), ಇವುಗಳ ಪಾಲೂ ಅದರಲ್ಲಿದೆ. ಆದರೆ ಅಷ್ಟು ಆರ್‌ಪಿಎಂ ತಾಳಿಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟದ್ದು ಆ ಗಿಡ್ಡ ಸ್ಟ್ರೋಕ್.

ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿ ಬದಲಿಸುವ ದಂಡ ಕ್ರ್ಯಾಂಕ್. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಪಿಸ್ಟನ್ ಎರಡು ಸಲ ಸ್ಟ್ರೋಕಿನಷ್ಟು ದೂರ ಓಡಬೇಕು. ಡ್ಯೂಕಿನ ಪಿಸ್ಟನ್ 9000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸರಾಸರಿ 18 ಮೀಟರ್ ಓಡುತ್ತದೆ. 90 ಮಿ.ಮೀ. ಸ್ಟ್ರೋಕಿನ ಹಳೆ ಎಂಜಿನ್ನನ್ನು ಅದೇ 9000ಕ್ಕೆ ಎಳೆದರೆ ಪಿಸ್ಟನ್ 27 ಮೀಟರ್ ವೇಗದಲ್ಲಿ ಓಡಬೇಕಾಗುತ್ತದೆ. ಪಿಸ್ಟನ್, ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಆ ವೇಗವನ್ನು ತಾಳಲಾರವು. ಅಗಲ ಬೋರಿನಿಂದ ಇನ್ನೊಂದು ಲಾಭ, ಹೆಡ್ಡಿನಲ್ಲಿ (ಸಿಲಿಂಡರಿನ ಮೇಲ್ಮುಚ್ಚಳದಲ್ಲಿ) ದೊಡ್ಡ ವಾಲ್ವುಗಳಿಗೆ ಜಾಗ ಸಿಗುತ್ತದೆ. ಗಾಳಿ ಚೆನ್ನಾಗಿ ಒಳಗೆ ಬರುತ್ತದೆ.

‘ಉದ್ದ ಸ್ಟ್ರೋಕ್ ಇದ್ರೆ ಎಳೆತ ಜಾಸ್ತಿ’ ಅನ್ನುವ ಮಾತೂ ಇದೆ. ಅದು ಪೂರ್ತಿ ಸರಿಯಲ್ಲ. ಸಿಸಿ ಬದಲಾಗದೆ ಸ್ಟ್ರೋಕ್ ಉದ್ದವಾದರೆ ಕ್ರ್ಯಾಂಕಿನ ತೋಳು ಉದ್ದವಾಗುತ್ತದೆ, ನಿಜ. ಆದರೆ ಪಿಸ್ಟನ್ನಿನ ತಲೆ ಚಿಕ್ಕದಾಗುತ್ತದೆ, ಅದನ್ನು ಒತ್ತುವ ಬಲವೂ ಅಷ್ಟೇ ಕಮ್ಮಿಯಾಗುತ್ತದೆ. ಲೆಕ್ಕ ಸರಿಹೋಗುತ್ತದೆ. ಅಂಥ ಎಂಜಿನ್ನುಗಳನ್ನು ಕಡಿಮೆ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯುವ ಹಾಗೆ ಹೊಂದಿಸಿರುತ್ತಾರೆ, ಅದಕ್ಕೇ ಹಾಗನಿಸುವುದು.

ಲೇತ್ ಅಂಗಡಿಯಲ್ಲಿ ‘ಬೋರ್ ಮಾಡಿಸುವುದು’ ಬೇರೆಯೇ ವಿಷಯ. ಅಲ್ಲಿ ಬೋರ್ ಅಂದರೆ ಅಳತೆಯಲ್ಲ, ಕೆಲಸ. ಸವೆದ ಸಿಲಿಂಡರನ್ನು ಕಾಲು ಅಥವಾ ಅರ್ಧ ಮಿ.ಮೀ. ಕೊರೆದು, ಹೋನಿಂಗ್ ಮಾಡಿ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸಿ), ಓವರ್‌ಸೈಜ್ ಪಿಸ್ಟನ್ ಕೂರಿಸುತ್ತಾರೆ. ಆರ್‌ಎಕ್ಸ್ 100ಕ್ಕೆ ಅರ್ಧ ಮಿ.ಮೀ. ಬೋರ್ ಮಾಡಿಸಿದರೆ ಹೆಚ್ಚುವುದು 2 ಸಿಸಿ ಅಷ್ಟೇ. ಆಮೇಲೆ ಪಿಕಪ್ ಬಂದಂತಾಗುವುದು, ಸವೆದು ಸೋರಿಹೋಗುತ್ತಿದ್ದ ಕಂಪ್ರೆಷನ್ ವಾಪಸ್ ಬಂದದ್ದರಿಂದ. ಸ್ಟ್ರೋಕ್ ಹೀಗೆ ಬದಲಾಗಲ್ಲ. ಅದಕ್ಕೆ ಕ್ರ್ಯಾಂಕೇ ಬೇರೆ ಬೇಕು.

ಪದಗಳಿಗೆ ಬರುತ್ತೇನೆ. ಬೋರ್, ಸ್ಟ್ರೋಕ್ ಎರಡನ್ನೂ ಹಾಗೇ ಇಟ್ಟುಕೊಳ್ಳೋಣ, ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಇವೆ. ಸ್ಟ್ರೋಕ್ ಬಗ್ಗೆ ಒಂದೇ ತೊಡಕು. ‘ಫೋರ್ ಸ್ಟ್ರೋಕ್’ ಅನ್ನುವಾಗ ಅದು ಎಣಿಕೆ, ‘90 ಮಿ.ಮೀ. ಸ್ಟ್ರೋಕ್’ ಅನ್ನುವಾಗ ಉದ್ದ. ಉದ್ದಕ್ಕೆ ‘ಪಿಸ್ಟನ್ ಓಟ’ ಅಂದರೆ ಹೇಗೆ? ನನಗಂತೂ ಹಿಡಿಸಿದೆ.

ಸಿಸಿಯಲ್ಲಿ ಹೇಳುವ ಈ ಅಳತೆಗೆ ಇಂಗ್ಲಿಷಿನಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ. ಅದಕ್ಕೆ ‘ಸ್ಥಾನಪಲ್ಲಟ’ ಖಂಡಿತ ಬೇಡ. ಭೌತಶಾಸ್ತ್ರದಲ್ಲಿ ಅದು ವಸ್ತು ಜಾಗ ಬದಲಿಸಿದ ದೂರ, ಇಲ್ಲಿರುವುದು ಗಾತ್ರ. ‘ಎಂಜಿನ್ ಗಾತ್ರ’ ಅಂದರೆ ಹೊರಗಿನ ದಪ್ಪ ಅಂದುಕೊಳ್ಳುತ್ತಾರೆ. ‘ಒಳಗಾತ್ರ’ ಹತ್ತಿರ ಬರುತ್ತದೆ. ಆದರೆ ಪಿಸ್ಟನ್ ಪೂರ್ತಿ ಮೇಲೆ ಹೋದಮೇಲೂ ಹೆಡ್ಡಿನಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ, ಅದು ಸಿಸಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಓಟದ ಗಾತ್ರ’ ಅನ್ನುವತ್ತ ನನ್ನ ಒಲವು. ‘349 ಸಿಸಿ ಓಟದ ಗಾತ್ರದ ಎಂಜಿನ್’ ಕಿವಿಗೆ ಒಗ್ಗುತ್ತದಾ? ಇಲ್ಲಾ ಸುಮ್ನೆ ‘349 ಸಿಸಿ ಎಂಜಿನ್’ ಅಂತ ಬರೆದು, ‘ಸಾಮರ್ಥ್ಯ’ವನ್ನು ಪವರ್‌ಗೆ ಮಾತ್ರ ಉಳಿಸಿಕೊಂಡರೆ ಸಾಕಾ? ಐಟಿಐ, ಡಿಪ್ಲೊಮಾ ಪಾಠ ಹೇಳುವವರು ತರಗತಿಯಲ್ಲಿ ಏನು ಬಳಸುತ್ತೀರಿ, ಒಂದೆರಡು ವಾಕ್ಯದ ಸಮೇತ ತಿಳಿಸಿ.